ಪದಚರ್ಚೆ: ಕಡೆದ ಬಟ್ಟಲಿಗೆ ಕಚ್ಚು ಬೀಳದಂತೆ ಹಿಡಿಯುವ ಚಕ್‌ಗೆ ಏನೆನ್ನೋಣ?

ಗೆಳೆಯರೇ,

ಮರದ ಬಟ್ಟಲು ಕಡೆಯುವುದರ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ), ಚಕ್ (ಅದರಲ್ಲಿ ಮರವನ್ನು ಹಿಡಿದುಕೊಳ್ಳುವ ಭಾಗ), ಟೇಲ್‌ಸ್ಟಾಕ್ (ಎದುರು ಬದಿಯಿಂದ ಮೊನೆಯೊತ್ತಿ ಆನಿಸುವ ಭಾಗ) ಇವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಅವನ್ನು ಸುಮ್ನೆ ಬದಲಾಯಿಸಿ ಪ್ರಯೋಜನವಿಲ್ಲ. ತೊಡಕಿರುವುದು ಕೈಯಾರೆ ಮಾಡಿಕೊಳ್ಳುವ ಮೆತ್ತನೆಯ ಹಿಡಿತಗಳ ಹೆಸರಿನಲ್ಲಿ.

ಬಟ್ಟಲಿನ ಒಳಗೂ ಹೊರಗೂ ಕಡೆದು, ಉಜ್ಜಿ ನಯ ಮಾಡಿಯಾಗಿದೆ, ತಳ ಮಾತ್ರ ಉಳಿದಿದೆ ಅನ್ನಿ. ಈಗ ಅದನ್ನು ಬೋರಲು ಹಿಡಿಯಬೇಕು. ಚಕ್ಕಿನ ಲೋಹದ ದವಡೆಯಲ್ಲಿ ಬಿಗಿದರೆ ನಯವಾದ ಮೈಮೇಲೆ ಕಚ್ಚು ಬೀಳುತ್ತದೆ. ಅದಕ್ಕೇ ಬೇಡದ ಮರದ ತುಂಡೊಂದನ್ನು ಫೇಸ್‌ಪ್ಲೇಟಿಗೆ (ಲೇತಿನ ತಿರುಗುವ ತುದಿಗೆ ಹಾಕುವ ಲೋಹದ ತಟ್ಟೆಗೆ) ತಿರುಪು ಹಾಕಿ ಕೂರಿಸಿ, ಬಟ್ಟಲಿನ ಬಾಯಂಚು ಬಿಗಿಯಾಗಿ ಕೂರುವಷ್ಟು ತೋಡು ಕಡೆಯುತ್ತಾರೆ. ಇದು ಜಾಮ್ ಚಕ್. ಸ್ವಲ್ಪ ಸಡಿಲವಾದರೆ ನಡುವೆ ತೆಳು ಕಾಗದ ಇಟ್ಟು ಒತ್ತಿದರೂ ಸಾಕು, ಬಿಗಿಯಾಗುತ್ತದೆ.

ಇದಕ್ಕೆ ಥಟ್ಟನೆ ಹೊಳೆಯುವುದು 'ಮೃದು ಹಿಡಿಕೆ'. ನನಗೆ ಎರಡೂ ಪದ ಒಪ್ಪಿಗೆಯಿಲ್ಲ. ಹಿಡಿಕೆ ಅಂದರೆ ಉಳಿಯ ಹಿಡಿ ಅಲ್ವಾ? 'ಮೃದು' ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ಚಕ್ಕಿನ ಮೈ ಗಟ್ಟಿಯಾಗಿಯೇ ಇರಬೇಕು, ಬಟ್ಟಲಿನ ಮರಕ್ಕಿಂತ ಒಂಚೂರು ಮೆದುವಾಗಿದ್ದರೆ ಆಯಿತು. ಆಗ ಒತ್ತಿದಾಗ ತಗ್ಗುವುದು ಚಕ್ಕಿನ ಮರ, ಬಟ್ಟಲಿನ ಅಂಚಲ್ಲ. ರಬ್ಬರ್, ತೊಗಲು, ಫೋಮ್ ಇವೆಲ್ಲ ತಾಗುವ ಜಾಗದಲ್ಲಿ ಮಾತ್ರ, ಅದೂ ತೆಳುವಾಗಿ. ಓದುಗರು 'ಮೃದು' ಅನ್ನುವುದನ್ನೇ ನಂಬಿ ದಪ್ಪ ಫೋಮ್ ಇಟ್ಟರೆ ಉಳಿ ತಾಗಿದ ಕೂಡಲೇ ಬಟ್ಟಲು ಅದುರುತ್ತದೆ, ನಡು ತಪ್ಪುತ್ತದೆ. ಹೆಸರು ಈ ತಪ್ಪಿಗೆ ದಾರಿ ಮಾಡಿಕೊಡಬಾರದು.

ನನ್ನ ಸಲಹೆ 'ಒತ್ತುಗೊರಡು'. ಒತ್ತಿ ಕೂರಿಸುವ ಕೊರಡು. ಮೊದಲು 'ಒತ್ತುಗೂಡು' ಅಂದುಕೊಂಡಿದ್ದೆ. ಆದರೆ ಕೆಲವು ಸಲ ಬಟ್ಟಲು ತೋಡಿನೊಳಗೆ ಕೂರುವುದಿಲ್ಲ, ಉಬ್ಬಿದ ತುಂಡಿನ ಮೇಲೆ ಟೊಪ್ಪಿಯ ಹಾಗೆ ಕೂರುತ್ತದೆ. ಅಲ್ಲಿ ಗೂಡು ಹೊಂದುವುದಿಲ್ಲ. ಕೊರಡು ಎರಡಕ್ಕೂ ಆಗುತ್ತದೆ. ತಾಗುವ ಜಾಗದ ರಬ್ಬರ್, ತೊಗಲಿಗೆ 'ಮೆತ್ತೆ' ಸಾಕು.

ಡೋನಟ್ ಚಕ್ ಇನ್ನೊಂದು. ಎರಡು ಪ್ಲೈವುಡ್ ಬಿಲ್ಲೆಗಳು. ಹಿಂದಿನದು ಇಡಿಯಾದದ್ದು, ಮುಂದಿನದಕ್ಕೆ ನಡುವೆ ದೊಡ್ಡ ತೂತು. ಬಟ್ಟಲನ್ನು ಎರಡರ ನಡುವೆ ಇಟ್ಟು ಉದ್ದ ಬೋಲ್ಟುಗಳಿಂದ ಬಿಗಿದರೆ ತಳ ತೂತಿನಿಂದ ಹೊರಗೆ ಇಣುಕುತ್ತದೆ. ತೂತಿನ ಅಂಚಿಗೆ ಮೆತ್ತೆ. ಮುಂದಿನ ಬಿಲ್ಲೆಗೆ 'ಸಿಂಬೆ' ಅನ್ನಬಹುದೇ? ಆಕಾರ ಅದೇ, ತಾಗಿದ್ದಕ್ಕೆ ನೋವಾಗದಂತೆ ಮೆತ್ತಗಿರುವ ಗುಣವೂ ಅದೇ. ಆದರೆ ಸಿಂಬೆ ಹೊರುತ್ತದೆ, ಇದು ಅದುಮುತ್ತದೆ. ಈ ಒಂದು ಅನುಮಾನ ಉಳಿದಿದೆ.

ಟೇಲ್‌ಸ್ಟಾಕಿನ ಒತ್ತು ಬಿದ್ದ ಕಡೆ ತಳದ ನಡುವೆ ಉಳಿಯುವ, ಕೊನೆಗೆ ಉಳಿಯಿಂದ ಕೊಯ್ದು ತೆಗೆಯುವ ಮೊಟುಕಿಗೆ 'ತೊಟ್ಟು' ಎಂದು ಬರೆದಿದ್ದೇನೆ. ಅದರಲ್ಲಿ ಅನುಮಾನವಿಲ್ಲ. ಅಲ್ಲಿ ಚುಚ್ಚದಿರಲೆಂದು ಟೇಲ್‌ಸ್ಟಾಕಿನ ಮೊನೆಗೆ ತೊಡಿಸುವ ರಬ್ಬರ್ ಇಲ್ಲವೇ ಮರದ ಮುಚ್ಚಳಕ್ಕೆ ಮಾತ್ರ ಪದ ಸಿಕ್ಕಿಲ್ಲ. 'ಕುಲಾವಿ' ಹೊಂದೀತೇ? ಮರಗೆಲಸ ಮಾಡುವವರು ಬೇರೇನಾದರೂ ಅನ್ನುತ್ತಿದ್ದರೆ ತಿಳಿಸಿ, ಅದನ್ನೇ ಹಾಕುತ್ತೇನೆ.