ಮೈಗ್ರೇನ್‌ಗೆ ಸಾಮಾನ್ಯ ಮಾತ್ರೆಯೋ, ಬಾಯಲ್ಲಿ ಕರಗುವ ಮಾತ್ರೆಯೋ, ಮೂಗಿನ ಸ್ಪ್ರೇಯೋ?

ಪ್ರಶ್ನೆ (ಶಿಕ್ಷಕಿ, ಶಿವಮೊಗ್ಗ ಜಿಲ್ಲೆ):

ನನಗೆ 38 ವರ್ಷ. ಹನ್ನೆರಡು ವರ್ಷಗಳಿಂದ ಮೈಗ್ರೇನ್ ಇದೆ. ತಿಂಗಳಿಗೆ ನಾಲ್ಕೈದು ಸಲ ಬಲಗಣ್ಣಿನ ಹಿಂದೆ ಶುರುವಾಗುವ ನೋವು ಅರ್ಧ ತಲೆಯನ್ನು ಆವರಿಸಿಕೊಂಡು, ಬೆಳಕನ್ನಾಗಲಿ ಒಗ್ಗರಣೆಯ ವಾಸನೆಯನ್ನಾಗಲಿ ತಾಳಲಾಗದಂತೆ ಮಾಡಿಬಿಡುತ್ತದೆ. ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹಗಲಿನಲ್ಲಿ ನೋವು ಬಂದಾಗ ಅದರಿಂದ ಗುಣ ಕಾಣುತ್ತದೆ. ಆದರೆ ಬೆಳಗಿನ ಜಾವ ನಿದ್ದೆಯಿಂದಲೇ ಎಬ್ಬಿಸುವ ನೋವಿಗೆ ಏನೂ ಪ್ರಯೋಜನವಾಗುವುದಿಲ್ಲ, ಎಷ್ಟೋ ಸಲ ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾಗುತ್ತದೆ. ಈಗ ಹೊಸದಾಗಿ ತೋರಿಸುತ್ತಿರುವ ನರರೋಗ ತಜ್ಞರು, ಬಾಯಲ್ಲಿ ಕರಗುವ ರಿಜಾಟ್ರಿಪ್ಟಾನ್ 10 ಮಿಲಿಗ್ರಾಂ ಅಥವಾ ಸುಮಾಟ್ರಿಪ್ಟಾನ್ ಮೂಗಿನ ಸ್ಪ್ರೇ, ಇವೆರಡರಲ್ಲಿ ಯಾವುದು ಅನುಕೂಲವೆಂದು ಯೋಚಿಸಿ ಬರಲು ಹೇಳಿದ್ದಾರೆ. ಕರಗುವ ಮಾತ್ರೆ ನಾಲಿಗೆಯ ಮೇಲಿಂದಲೇ ರಕ್ತಕ್ಕೆ ಸೇರುವುದರಿಂದ ಬೇಗ ಕೆಲಸ ಮಾಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅದು ನಿಜವೇ? ಮೈಗ್ರೇನ್ ಮರುಕಳಿಸುವುದನ್ನು ತಡೆಯಲೆಂದು ಹಿಂದಿನ ವೈದ್ಯರು ಬರೆದುಕೊಟ್ಟಿದ್ದ ಪ್ರೊಪ್ರನಲಾಲ್ 40 ಮಿಲಿಗ್ರಾಂ ಅನ್ನು ದಿನಕ್ಕೆ ಎರಡು ಸಲ ತೆಗೆದುಕೊಳ್ಳುವುದನ್ನು ಮುಂದುವರಿಸಿದ್ದೇನೆ.

ಉತ್ತರ 1 (ಫಾರ್ಮಸಿಸ್ಟ್, ದಾವಣಗೆರೆ):

ಮೇಡಂ, ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಡೀ ಪ್ರಶ್ನೆಯಲ್ಲಿ ತಜ್ಞರಿಗೆ ಮೊದಲು ತಿಳಿಯಬೇಕಾದದ್ದು ಅದೇ. ಪ್ರೊಪ್ರನಲಾಲ್ ಸೇವಿಸುವವರಲ್ಲಿ ರಿಜಾಟ್ರಿಪ್ಟಾನಿನ ಪ್ರಮಾಣ ರಕ್ತದಲ್ಲಿ ಸುಮಾರು ಶೇ. 70ರಷ್ಟು ಏರುತ್ತದೆ. ಆದ್ದರಿಂದ ಅಂಥವರಿಗೆ 10 ಮಿಲಿಗ್ರಾಂ ಬದಲು 5 ಮಿಲಿಗ್ರಾಂ ಕೊಡುವುದು ಕ್ರಮ. ಸುಮಾಟ್ರಿಪ್ಟಾನಿಗೆ ಈ ತೊಡಕಿಲ್ಲ. ಹಿಂದಿನ ಚೀಟಿಯನ್ನು ತಪ್ಪದೆ ತೋರಿಸಿ. ಪ್ರೊಪ್ರನಲಾಲನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ.

ಇನ್ನು ಕರಗುವ ಮಾತ್ರೆಯ ವಿಷಯ. ಅದು ನಾಲಿಗೆಯ ಮೇಲೆ ಕರಗುತ್ತದೆಯೇ ಹೊರತು ಅಲ್ಲಿಂದ ರಕ್ತಕ್ಕೆ ಸೇರುವುದಿಲ್ಲ. ಕರಗಿದ ಔಷಧಿಯನ್ನು ಜೊಲ್ಲಿನೊಂದಿಗೆ ನುಂಗಿದ ಮೇಲೆ, ಸಾಮಾನ್ಯ ಮಾತ್ರೆಯಂತೆಯೇ ಹೊಟ್ಟೆಯನ್ನು ದಾಟಿ ಕರುಳಿನಲ್ಲಿಯೇ ಅದು ಹೀರಿಕೆಯಾಗಬೇಕು. ರಿಜಾಟ್ರಿಪ್ಟಾನಿನಲ್ಲಂತೂ ಕರಗುವ ಮಾತ್ರೆಗೆ ಸಾಮಾನ್ಯ ಮಾತ್ರೆಗಿಂತ ತುಸು ಹೆಚ್ಚೇ ಸಮಯ ಹಿಡಿಯುತ್ತದೆ. ನೀರು ಬೇಕಾಗಿಲ್ಲ ಎಂಬುದೇ ಅದರ ಅನುಕೂಲ. ಒಂದು ಗುಟುಕು ನೀರು ಕುಡಿದರೂ ಓಕರಿಕೆ ಬರುವವರಿಗೆ, ಬಸ್ಸಿನಲ್ಲಿ ಅಥವಾ ತರಗತಿಯಲ್ಲಿ ನೋವು ಶುರುವಾಗುವವರಿಗೆ ಅದು ಸಣ್ಣ ಸಂಗತಿಯೇನಲ್ಲ. ಮಲೆನಾಡಿನ ಮಳೆಗಾಲದಲ್ಲಿ ಈ ಮಾತ್ರೆ ತೇವ ಹೀರಿಕೊಂಡು ಪುಡಿಯಾಗುವುದರಿಂದ, ಮುಂಚಿತವಾಗಿ ಹೊದಿಕೆಯಿಂದ ಬಿಡಿಸಿ ಡಬ್ಬಿಯಲ್ಲಿ ಇಡಬೇಡಿ. ಬೇಕಾದಾಗ ಒಣಗಿದ ಕೈಯಿಂದ ತೆಗೆಯಿರಿ.

ಬೆಳಗಿನ ಜಾವ ಮಾತ್ರೆ ಸೋಲುವುದಕ್ಕೆ ಕಾರಣವಿದೆ. ಮೈಗ್ರೇನ್ ಬಲವಾದಾಗ ಹೊಟ್ಟೆಯ ಚಲನೆ ನಿಧಾನವಾಗಿ, ನುಂಗಿದ ಔಷಧಿ ಕರುಳಿಗೆ ಇಳಿಯದೆ ಅಲ್ಲಿಯೇ ನಿಂತುಬಿಡುತ್ತದೆ. ನಿದ್ದೆಯಲ್ಲಿ ಶುರುವಾದ ನೋವು ನೀವು ಎಚ್ಚರಗೊಳ್ಳುವ ಹೊತ್ತಿಗೆ ಆ ಹಂತವನ್ನು ಮುಟ್ಟಿರುತ್ತದೆ. ಹೀಗಾಗಿ ಒಂದು ಮಾತ್ರೆಯ ಬದಲು ಇನ್ನೊಂದು ಬಗೆಯ ಮಾತ್ರೆಗೆ ಹೋಗುವುದರಿಂದ ಆ ನೋವಿಗೆ ಹೆಚ್ಚೇನೂ ಬದಲಾಗದು ಎಂಬುದು ನನ್ನ ಅನಿಸಿಕೆ.

ಉತ್ತರ 2 (ಹುಬ್ಬಳ್ಳಿ):

ನಾನು ಮೂರು ವರ್ಷಗಳಿಂದ ಸುಮಾಟ್ರಿಪ್ಟಾನ್ 20 ಮಿಲಿಗ್ರಾಂ ಸ್ಪ್ರೇ ಬಳಸುತ್ತಿದ್ದೇನೆ. ಮೊದಲ ಮೂರು ಸಲ ಅದರಿಂದ ನನಗೆ ಏನೂ ಆಗಲಿಲ್ಲ. ಮೂಗಿಗೆ ಹಾಕಿಕೊಂಡ ಕೂಡಲೇ ತಲೆಯನ್ನು ಹಿಂದಕ್ಕೆ ಬಾಗಿಸಿ ಜೋರಾಗಿ ಎಳೆದುಕೊಳ್ಳುತ್ತಿದ್ದೆ. ಔಷಧಿಯೆಲ್ಲ ಗಂಟಲಿಗೆ ಇಳಿದು, ಬೇವಿಗಿಂತ ಕಹಿಯಾದ ಆ ರುಚಿಗೆ ವಾಂತಿಯೇ ಹೆಚ್ಚಾಯಿತು. ಆಮೇಲೆ ಆಸ್ಪತ್ರೆಯ ನರ್ಸ್ ಒಬ್ಬರು ಕೂರಿಸಿಕೊಂಡು ಕಲಿಸಿದರು. ಮೂಗನ್ನು ಮೊದಲು ಶುಚಿ ಮಾಡಿಕೊಂಡು, ತಲೆಯನ್ನು ನೇರವಾಗಿಟ್ಟು, ಒಂದೇ ಹೊಳ್ಳೆಗೆ ಒಂದು ಸಲ ಒತ್ತಿ, ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಹಾಗೆ ಮಾಡತೊಡಗಿದ ಮೇಲೆ ನನಗೆ ಇಪ್ಪತ್ತು ನಿಮಿಷಗಳಲ್ಲಿ ನೋವು ಇಳಿಯತೊಡಗುತ್ತದೆ. ಕಹಿ ಈಗಲೂ ಇದೆ. ಒಂದು ಕಲ್ಲುಸಕ್ಕರೆ ಹತ್ತಿರ ಇಟ್ಟುಕೊಂಡಿರುತ್ತೇನೆ. ಬೆಲೆ ಮಾತ್ರೆಗಿಂತ ಬಹಳ ಹೆಚ್ಚು, ಎಲ್ಲ ಅಂಗಡಿಗಳಲ್ಲಿಯೂ ಸಿಗುವುದಿಲ್ಲ.

ಶಿಕ್ಷಕಿ:

ಪ್ರೊಪ್ರನಲಾಲ್ ಸಂಗತಿಯನ್ನು ಹೊಸ ವೈದ್ಯರಿಗೆ ನಾನು ಹೇಳಿಯೇ ಇರಲಿಲ್ಲ, ನಾಳೆಯೇ ಫೋನ್ ಮಾಡುತ್ತೇನೆ. ಇನ್ನೆರಡು ಸಂದೇಹಗಳಿವೆ. ಮಾತ್ರೆ ವಾಂತಿಯಾದರೆ ಮತ್ತೊಂದನ್ನು ನುಂಗಬಹುದೇ? ಚುಚ್ಚುಮದ್ದು ಎಲ್ಲಕ್ಕಿಂತ ಉತ್ತಮ ಎನ್ನುತ್ತಾರಲ್ಲ, ಹಾಗಿದ್ದರೆ ಎಲ್ಲರಿಗೂ ಅದನ್ನೇ ಏಕೆ ಕೊಡುವುದಿಲ್ಲ?

ಉತ್ತರ 3 (ನಿವೃತ್ತ ವೈದ್ಯ, ಮೈಸೂರು):

ವಾಂತಿಯಲ್ಲಿ ಎಷ್ಟು ಔಷಧಿ ಹೊರಬಿತ್ತು, ಎಷ್ಟು ಒಳಗುಳಿಯಿತು ಎಂದು ಮನೆಯಲ್ಲಿ ಅಳೆಯಲು ಬರುವುದಿಲ್ಲ. ಆದ್ದರಿಂದ ಅಂದಾಜಿನ ಮೇಲೆ ಇನ್ನೊಂದು ಮಾತ್ರೆ ನುಂಗದೆ, ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂಬುದನ್ನು ನಿಮ್ಮ ತಜ್ಞರಿಂದ ಮೊದಲೇ ಬರೆಸಿಕೊಂಡಿರಿ. ಹಗಲಿನ ನೋವಿಗೆ ಮಾತ್ರೆಯ ಜೊತೆಗೆ ಡೊಂಪೆರಿಡೋನ್ ಅಥವಾ ಮೆಟಕ್ಲೋಪ್ರಮೈಡ್‌ನಂತಹ ವಾಂತಿ ತಡೆಯುವ ಔಷಧಿ ಸೇರಿಸಬಹುದೇ ಎಂದೂ ಕೇಳಿ. ಅವು ಹೊಟ್ಟೆಯ ಚಲನೆಯನ್ನೂ ಚುರುಕುಗೊಳಿಸುತ್ತವೆ.

ಚುಚ್ಚುಮದ್ದಿನ ಬಲ ನಿಜ. ನುಂಗಿದ ಸುಮಾಟ್ರಿಪ್ಟಾನಿನಲ್ಲಿ ಸುಮಾರು ಶೇ. 15ರಷ್ಟು ಮಾತ್ರ ರಕ್ತವನ್ನು ತಲುಪಿದರೆ, ಚರ್ಮದಡಿ ಚುಚ್ಚಿದ 6 ಮಿಲಿಗ್ರಾಂನಲ್ಲಿ ಶೇ. 95ಕ್ಕೂ ಹೆಚ್ಚು ತಲುಪುತ್ತದೆ, ಹತ್ತು ನಿಮಿಷಗಳಲ್ಲಿಯೇ ಕೆಲಸ ಶುರುವಾಗುತ್ತದೆ. ಆ ವೇಗದೊಂದಿಗೇ ಮೈ ಬಿಸಿಯೇರುವುದು, ಎದೆ ಮತ್ತು ಕುತ್ತಿಗೆ ಬಿಗಿದಂತಾಗುವುದು ಮುಂತಾದವು ಮಾತ್ರೆಗಿಂತ ಹೆಚ್ಚಾಗಿ ಕಾಣಿಸುತ್ತವೆ. ನಡುರಾತ್ರಿ ತನಗೆ ತಾನೇ ಚುಚ್ಚಿಕೊಳ್ಳಲು ಎಲ್ಲರಿಗೂ ಧೈರ್ಯ ಸಾಲದು. ಯಾವ ರೂಪದಲ್ಲಿದ್ದರೂ ಟ್ರಿಪ್ಟಾನ್ (ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಎರಡೂ ಈ ಗುಂಪಿನವು) ರಕ್ತನಾಳಗಳನ್ನು ಕುಗ್ಗಿಸುವ ಔಷಧಿ. ಹೃದಯದ ರಕ್ತನಾಳಗಳ ಕಾಯಿಲೆ, ಪಾರ್ಶ್ವವಾಯು, ಹತೋಟಿಗೆ ಬಾರದ ಬಿ.ಪಿ. ಇರುವವರಿಗೆ ಅದು ಸಲ್ಲದು. ಎರ್ಗೊಟಮಿನ್ ಇರುವ ಹಳೆಯ ಮೈಗ್ರೇನ್ ಮಾತ್ರೆ ಮನೆಯಲ್ಲಿದ್ದರೆ ಅದನ್ನೂ ಇದನ್ನೂ ಒಂದೇ ದಿನ ತೆಗೆದುಕೊಳ್ಳಲೇಬಾರದು.

ನನ್ನ ಅಭಿಪ್ರಾಯವನ್ನು ಕೇಳಿದರೆ, ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದಿಲ್ಲ. ಹಗಲಿಗೆ ಈಗಿನ ಮಾತ್ರೆ, ಬೆಳಗಿನ ಜಾವದ ನೋವಿಗೆ ಸ್ಪ್ರೇ ಎಂದು ಇಟ್ಟುಕೊಳ್ಳುವ ಸಾಧ್ಯತೆಯನ್ನು ಅವರ ಮುಂದಿಡಿ. ಆದರೆ ಒಂದೇ ದಿನ ಎರಡೂ ಬೇಕಾದಾಗ ಒಟ್ಟು ಪ್ರಮಾಣ ಮತ್ತು ನಡುವಿನ ಅಂತರ ಎಷ್ಟಿರಬೇಕೆಂದು ಅವರೇ ಹೇಳಬೇಕು. ಟ್ರಿಪ್ಟಾನ್ ತೆಗೆದುಕೊಂಡ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತಿಂಗಳಿಗೆ ಹತ್ತು ದಿನ ಮುಟ್ಟತೊಡಗಿದರೆ ಔಷಧಿಯೇ ತಲೆನೋವನ್ನು ಹುಟ್ಟಿಸುವ ಸ್ಥಿತಿ ಬರಬಹುದು.

ಶಿಕ್ಷಕಿ:

ಫೋನ್ ಮಾಡಿದೆ. ಪ್ರೊಪ್ರನಲಾಲ್ ಮುಂದುವರಿಸಿ, ರಿಜಾಟ್ರಿಪ್ಟಾನ್ ಸದ್ಯಕ್ಕೆ ಬೇಡ ಎಂದರು. ಬಿ.ಪಿ. ಮತ್ತು ಇ.ಸಿ.ಜಿ. ನೋಡಿದ ಮೇಲೆ ಸ್ಪ್ರೇ ಬರೆದುಕೊಡುತ್ತಾರಂತೆ, ಸೋಮವಾರ ಹೋಗುತ್ತಿದ್ದೇನೆ. ಬಳಸುವ ಕ್ರಮವನ್ನು ಅವರ ಎದುರಿಗೇ ಒಮ್ಮೆ ಮಾಡಿ ತೋರಿಸಲು ಕೇಳಿಕೊಳ್ಳುತ್ತೇನೆ.