ಉಪ್ಪುನೀರಿನ ಹಳೆ ದೋಣಿ ಸಿಹಿನೀರಿನ ಕೆರೆಗೆ ಆಗುತ್ತದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಶಿರಸಿಯಿಂದ

ಕುಮಟಾ ಹತ್ತಿರ ಅಘನಾಶಿನಿ ದಂಡೆಯಲ್ಲಿ ನಮ್ಮ ಸೋದರಮಾವನ ಮನೆ. ಅವರ ಹಳೆಯ ಮರದ ದೋಣಿ, ಸುಮಾರು 16 ಅಡಿ ಉದ್ದದ್ದು, ಸೋಗೆ ಮಾಡಿನ ಕೆಳಗೆ ಕೂತು ವರ್ಷಗಳಾದವು. ಮಾವ ಫೈಬರ್ ದೋಣಿ ತೆಗೆದುಕೊಂಡ ಮೇಲೆ ಅದನ್ನು ಯಾರೂ ನೀರಿಗೆ ಇಳಿಸಿಲ್ಲ. ‘ಬೇಕಾದ್ರೆ ತಗೊಂಡು ಹೋಗು’ ಅಂದಿದ್ದಾರೆ. ರಿಪೇರಿ ಮಾಡಿ ನಮ್ಮ ಕಡೆಯ ಕೆರೆಗೆ ಇಳಿಸಬೇಕು, ರಜೆಯ ದಿನ ಗಾಳ ಹಾಕಿಕೊಂಡು ಕೂರಬೇಕು ಅಂತ ಆಸೆ. ಹಲಗೆಗಳ ನಡುವೆ ಬೆಳಕು ಕಾಣುವಷ್ಟು ಸಂದಿ ಬಿಟ್ಟಿದೆ. ಒಳಗೂ ಹೊರಗೂ ಫೈಬರ್ (ಗಾಜಿನೆಳೆಯ ಬಟ್ಟೆಯನ್ನು ರೆಸಿನ್ ಅಂಟಿನಲ್ಲಿ ಕೂರಿಸುವ ಪದರ) ಹೊಡೆಸಿಬಿಡಿ ಅಂತ ಒಬ್ಬರು ಹೇಳಿದರು. ಅಷ್ಟೇ ಸಾಕಾ? ಮಾಡಿ ನೋಡಿದವರು ಹೇಳಿ.

ಅಂಕೋಲಾದಿಂದ

ಫೈಬರ್ ಮಾತು ಆಮೇಲೆ, ಮೊದಲು ಮರ ನೋಡಿ. ಒಂದು ಸ್ಕ್ರೂಡ್ರೈವರ್ ಹಿಡಿದು ದೋಣಿ ಪಕ್ಕ ಕೂತುಕೊಳ್ಳಿ. ಎರಡೂ ತುದಿ, ಅಡ್ಡಪಟ್ಟಿಗಳ ಬುಡ, ಮೊಳೆಗಳ ಸುತ್ತ, ಕೂರುವ ಹಲಗೆಯ ಕೆಳಗೆ ಚುಚ್ಚಿ ನೋಡಿ. ಮಳೆನೀರು ನಿಲ್ಲುವುದು ಅಲ್ಲೇ. ಗಟ್ಟಿ ಮರ ಮೊನೆಯನ್ನು ತಡೆಯುತ್ತದೆ. ಕೊಳೆತದ್ದರಲ್ಲಿ ಮೊನೆ ಸಲೀಸಾಗಿ ಒಳಗೆ ಹೋಗುತ್ತದೆ, ಮೀಟಿದರೆ ನಾರು ಏಳದೆ ಪುಡಿಪುಡಿಯಾಗಿ ಬರುತ್ತದೆ. ಆಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ಬೊದ್ದು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ.

ತಳದಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳದ ಕೆಲಸ. ನೋಡಲು ಹುಳ, ನಿಜವಾಗಿ ಅದು ಚಿಪ್ಪಿಯ ಜಾತಿ. ಮರಿ ಇದ್ದಾಗ ಒಳಗೆ ಸೇರಿ, ಅಲ್ಲೇ ಬೆಳೆಯುತ್ತದೆ. ಹಾಗಾಗಿ ಹೊರಗೆ ಸಣ್ಣ ತೂತು, ಒಳಗೆ ದಪ್ಪ ಸುರಂಗ, ಅದರ ಗೋಡೆಗೆ ಬಿಳಿ ಸುಣ್ಣದ ಪದರ. ಇಷ್ಟು ವರ್ಷ ದಡದ ಮೇಲಿದ್ದ ದೋಣಿಯಲ್ಲಿ ಹುಳ ಸತ್ತಿರುತ್ತದೆ, ಕೆರೆಯಲ್ಲಿ ಹೊಸದು ಬರುವುದೂ ಇಲ್ಲ. ಆದರೆ ತಿಂದ ಮರ ತಿಂದದ್ದೇ. ಆ ಹಲಗೆ ಬದಲಾಯಿಸಬೇಕು.

ಕೆರೆಗೆ ಖಂಡಿತ ಆಗುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಶೇಕಡಾ 2.5ರಷ್ಟು ಹಗುರ, ಹಾಗಾಗಿ ಕೂದಲೆಳೆ ಜಾಸ್ತಿ ಮುಳುಗುತ್ತದೆ, ಚಿಂತೆ ಇಲ್ಲ. ಚಿಂತೆ ಮಾಡಬೇಕಾದ್ದು ಕೊಳೆಯ ಬಗ್ಗೆ. ಉಪ್ಪು ಹೀರಿದ ಮರಕ್ಕೆ ಬೂಸು ಬೇಗ ಹತ್ತುವುದಿಲ್ಲ. ಮಳೆನೀರು, ಕೆರೆನೀರು ಕುಡಿದ ಮರಕ್ಕೆ ಆ ರಕ್ಷಣೆ ಇಲ್ಲ. ದೋಣಿಯೊಳಗೆ ಮಳೆನೀರು ನಿಲ್ಲಲು ಬಿಡಲೇಬೇಡಿ.

ಕಾರವಾರದಿಂದ

ನಾನು ಫೈಬರ್ ಕೆಲಸವನ್ನೇ ಮಾಡುವವನು. ಈ ದೋಣಿಗೆ ಫೈಬರ್ ಬೇಡ ಅಂತಲೇ ಹೇಳುತ್ತೇನೆ. ಹಳೆಯ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ವರ್ಷ ವರ್ಷ ಬಳಿದಿರುತ್ತಾರೆ. ಮರ ಅದನ್ನು ಆಳಕ್ಕೆ ಕುಡಿದಿರುತ್ತದೆ. ನಾವು ಮಾಮೂಲಿಯಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್ ಎಣ್ಣೆ ಮರಕ್ಕೂ ಹಸಿ ಮರಕ್ಕೂ ಸರಿಯಾಗಿ ಹಿಡಿಯುವುದಿಲ್ಲ. ಮರ ಹಿಗ್ಗಿ ಕುಗ್ಗುತ್ತದೆ, ಫೈಬರ್ ಹಾಗೆ ಮಾಡುವುದಿಲ್ಲ. ಒಂದು ಅಂಚು ಬಿಟ್ಟರೆ ಸಾಕು, ನೀರು ನಡುವೆ ಸೇರಿ ಅಲ್ಲೇ ಉಳಿಯುತ್ತದೆ. ಹೊರಗಿನಿಂದ ದೋಣಿ ಹೊಸದು, ಒಳಗೆ ಮರ ಕರಗುತ್ತಿರುತ್ತದೆ. ಒಳಗೂ ಹೊರಗೂ ಹೊಡೆಸಿದರಂತೂ ಮರಕ್ಕೆ ಒಣಗಲು ದಾರಿಯೇ ಇಲ್ಲ.

ಹೊನ್ನಾವರದಿಂದ

ಸಂದಿ ನೋಡಿ ಹೆದರಬೇಡಿ. ಒಣಗಿದ ಮರ ಕುಗ್ಗಿದೆ, ಅಷ್ಟೇ. ಈಗಲೇ ಅದಕ್ಕೆ ಗಟ್ಟಿ ಪುಟ್ಟಿ ತುಂಬಿದರೆ ಮರ ಹಿಗ್ಗಿದಾಗ ಜಾಗ ಸಾಲದೆ ಹಲಗೆ ಮೊಳೆಯನ್ನೇ ಕಿತ್ತುಕೊಂಡು ಏಳುತ್ತದೆ. ನೆರಳಲ್ಲಿ ಇಟ್ಟು, ಒಳಗೆ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ನಾಲ್ಕಾರು ದಿನದಲ್ಲಿ ಎಷ್ಟೋ ಸಂದಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಆಮೇಲೆ ಒಳಗೆ ಒಂದೆರಡು ಕೊಡ ನೀರು ಹೊಯ್ದು, ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆ ಅಂತ ಗುರುತು ಮಾಡಿ. ಅಷ್ಟಕ್ಕೆ ಮಾತ್ರ ಹತ್ತಿಯ ಹುರಿಯನ್ನು ಮೊಂಡು ಉಳಿಯಿಂದ ಹಗುರಾಗಿ ಬಡಿದು ಕೂರಿಸಿ, ಮೇಲೆ ಎಣ್ಣೆಯಲ್ಲಿ ಕಾಯಿಸಿದ ರಾಳ ಒತ್ತಿ. ಕಾಯಿಸುವುದು ಅಂಗಳದಲ್ಲಿ, ಮಾಡಿನ ಕೆಳಗಲ್ಲ, ಬೇಗ ಬೆಂಕಿ ಹಿಡಿಯುತ್ತದೆ.

ಗೇರು ಎಣ್ಣೆ ಬಳಿಯುವುದಾದರೆ ಕೈಗವಸು, ತುಂಬು ತೋಳಿನ ಅಂಗಿ ಕಡ್ಡಾಯ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ.

ಬನವಾಸಿ ಕಡೆಯಿಂದ

ದೋಣಿ ಸಾಗಿಸುವ ಮೊದಲು ಕೆರೆಯ ವಿಚಾರ ಕೇಳಿಕೊಳ್ಳಿ. ಮೀನು ಹಿಡಿಯುವ ಹಕ್ಕನ್ನು ಪಂಚಾಯತಿಯೋ ಮೀನುಗಾರಿಕೆ ಇಲಾಖೆಯೋ ಗುತ್ತಿಗೆ ಕೊಟ್ಟಿರುತ್ತದೆ. ಗುತ್ತಿಗೆದಾರರು ಮರಿ ಬಿಟ್ಟು ಸಾಕಿದ ಮೀನು ಅದು. ಅವರನ್ನು ಕೇಳದೆ ಗಾಳ ಹಾಕುವುದು ಸರಿಯಲ್ಲ.

ಕೆರೆಯಲ್ಲಿ ಜಾಸ್ತಿ ಸಿಗುವುದು ಕಾಟ್ಲಾ, ರೋಹು, ಮೃಗಾಲ. ಕಾಟ್ಲಾ ಮೇಲ್ನೀರಿನದು, ರೋಹು ನಡುವಿನದು, ಮೃಗಾಲ ತಳದ್ದು. ಗಾಳದ ದಾರದಲ್ಲಿ ತೇಲುವ ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದು ಇದರ ಮೇಲೆ ನಿಂತಿದೆ. ತೌಡು, ಶೇಂಗಾ ಹಿಂಡಿ ಕಲಸಿ ಉಂಡೆ ಮಾಡಿ. ನೀರಲ್ಲಿ ತಕ್ಷಣ ಬಿಚ್ಚಿಕೊಳ್ಳಬಾರದು, ಕಲ್ಲಾಗಿಯೂ ಇರಬಾರದು. ಬೆಳಕು ಹರಿಯುವ ಹೊತ್ತಿಗೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ದೋಣಿ ನಿಲ್ಲಿಸಿ, ಹುಟ್ಟನ್ನು ಸದ್ದಾಗದಂತೆ ಒಳಗಿಡಿ. ಬೆಂಡು ಒಮ್ಮೆ ನಡುಗುತ್ತದೆ, ಸುತ್ತ ಒಂದು ಸಣ್ಣ ಉಂಗುರ ಏಳುತ್ತದೆ. ಆಗ ಎಳೆಯಬೇಡಿ, ಅದು ಬರೀ ರುಚಿ ನೋಡುವುದು. ತಳದ ಮೀನು ಉಂಡೆಯನ್ನು ಎತ್ತಿದರೆ ಬೆಂಡು ಮುಳುಗದೆ ಮೇಲೆದ್ದು ಅಡ್ಡ ಮಲಗುತ್ತದೆ. ಆಗ ಎಳೆಯಿರಿ. ಆ ಒಂದು ಕ್ಷಣಕ್ಕಾಗಿ ಬೆಳಿಗ್ಗೆಯೆಲ್ಲ ಕೂತರೂ ಸಾರ್ಥಕ, ನನ್ನ ಮಟ್ಟಿಗೆ.

ಎರಡು ಬೇಡಿಕೆ. ಮೊದಲ ಮಳೆಗೆ ಗದ್ದೆ, ಹಳ್ಳಕ್ಕೆ ಹತ್ತುವ ಮೀನನ್ನು ಬಿಟ್ಟುಬಿಡಿ, ಅವು ಮೊಟ್ಟೆ ಇಡಲು ಹೊರಟಿರುತ್ತವೆ. ಹಾಗೆಯೇ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ, ಕೆಳಗೆ ಕೊರವ ಮೀನು ಕಾವಲಿರುತ್ತದೆ. ಅದಕ್ಕೆ ಗಾಳ ಹಾಕಿದರೆ ಮರಿಗಳೂ ಹೋದ ಹಾಗೆ.

ದಾಂಡೇಲಿಯಿಂದ

ದೋಣಿ ಸಿದ್ಧವಾಯಿತು ಅಂತ ಈ ಕಡೆ ಕಾಳಿ ನದಿಗೆ ತರಬೇಡಿ. ಇಲ್ಲಿ ಮೊಸಳೆಗಳಿವೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ದಿಢೀರನೆ ಏರುತ್ತದೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಮೀನು ಹಿಡಿಯುವಂತೆಯೂ ಇಲ್ಲ. ಕೆರೆಯೇ ಆದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ, ಈಜು ಬರುವವರೂ ಸಹ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗಿ ಚುಚ್ಚಿ ನೋಡಿ ಬಂದೆ. ತಳ ಗಟ್ಟಿ ಇದೆ, ಹುಳದ ತೂತು ಇಲ್ಲ. ಹಿಂದಿನ ತುದಿಯಲ್ಲಿ ಒಂದು ಹಲಗೆ ಮಾತ್ರ ಕೈಯಷ್ಟು ಉದ್ದ ಕೊಳೆತಿದೆ. ಪೂರ್ತಿ ಹಲಗೆ ತೆಗೆಯಬೇಕಾ, ತುಂಡು ಸೇರಿಸಬಹುದಾ?

ಅಂಕೋಲಾದಿಂದ

ತುಂಡು ಸೇರಿಸಬಹುದು. ಕೊಳೆತದ್ದರ ಆಚೆ ಒಂದು ಗೇಣು ಒಳ್ಳೆ ಮರವನ್ನೂ ಸೇರಿಸಿ ತೆಗೆಯಿರಿ. ನೇರ ಕೊಯ್ದು ಜೋಡಿಸಬೇಡಿ, ಓರೆ ಕೊಯ್ಯಿಸಿ: 1 ಇಂಚು ದಪ್ಪದ ಹಲಗೆಗೆ 8 ಇಂಚು ಉದ್ದದ ಓರೆ. ಆದಷ್ಟು ಅದೇ ಜಾತಿಯ, ಚೆನ್ನಾಗಿ ಒಣಗಿದ ಮರ ಹಾಕಿ. ಕೆಲಸ ಜೂನ್ ಮಳೆಗೆ ಮೊದಲೇ ಮುಗಿಯಲಿ. ದೇವಿಮನೆ ಘಾಟಿ ಹತ್ತಿಸುವಾಗ ಒದ್ದೆ ಗೋಣಿ ಮುಚ್ಚಿಕೊಂಡೇ ಹೋಗಿ, ಬಿಸಿಲು ಗಾಳಿಗೆ ಸಂದಿ ಮತ್ತೆ ಬಿಟ್ಟೀತು.