ಕ್ಯೂಎಮು ಇ1000: ಒಂದು ಇಂಟರಪ್ಟ್ ಬಂದು ಆಮೇಲೆ ಸದ್ದೇ ಇಲ್ಲ

ಬಾಣೇರ್_ಕರ್ನಲ್ (ಪುಣೆ): ನಾಲ್ಕು ರಾತ್ರಿ ನಿದ್ದೆ ಕೆಟ್ಟಿದ್ದೇನೆ. ನಾನೇ ಬರೆಯುತ್ತಿರುವ ಪುಟ್ಟ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇ1000, ಅಂದರೆ ಇಂಟೆಲ್ ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್ ಸೇರಿಸಿ, ಕಂಪ್ಯೂಟರನ್ನೇ ಸಾಫ್ಟ್‌ವೇರ್‌ನಲ್ಲಿ ನಕಲು ಮಾಡುವ ಕ್ಯೂಎಮುನಲ್ಲಿ ಓಡಿಸುತ್ತಿದ್ದೇನೆ. ಹೋಸ್ಟ್‌ನಿಂದ (ಕ್ಯೂಎಮು ಓಡುವ ನಿಜವಾದ ಯಂತ್ರ) ಪಿಂಗ್ ಕೊಟ್ಟರೆ ಮೊದಲ ಎಆರ್‌ಪಿ (ವಿಳಾಸ ಕೇಳುವ) ಪ್ಯಾಕೆಟ್‌ಗೆ ಇಂಟರಪ್ಟ್, ಅಂದರೆ ಕಾರ್ಡ್ ಪ್ರೊಸೆಸರ್‌ಗೆ ಕೊಡುವ ಕರೆ, ಬರುತ್ತದೆ, ಇಂಟರಪ್ಟ್ ಕೌಂಟರ್ 1 ಆಗುತ್ತದೆ. ಆಮೇಲೆ ಎಷ್ಟು ಪಿಂಗ್ ಮಾಡಿದರೂ ಅಲ್ಲೇ ನಿಂತಿರುತ್ತದೆ. ಟೈಮರ್, ಕೀಬೋರ್ಡ್ ಎರಡೂ ಸರಿ ಇವೆ. ಇದು ಕ್ಯೂಎಮುದೇ ಬಗ್ ಅಲ್ವಾ?

ಡೊಂಬಿವಲಿ_ಲೋಕಲ್: ಕ್ಯೂಎಮು ಮೇಲೆ ಹಾಕಬೇಡಿ. ಇಂಟರಪ್ಟ್ ಏಕೆ ಬಂತು ಅಂತ ಹೇಳುವ ಐಸಿಆರ್ ರಿಜಿಸ್ಟರ್ ಓದುತ್ತಿದ್ದೀರಾ? ಓದಿದರೇ ಅದು ಕ್ಲಿಯರ್ ಆಗೋದು.

ಬಾಣೇರ್_ಕರ್ನಲ್: ಓದುತ್ತಿದ್ದೇನೆ. ಪ್ಯಾಕೆಟ್ ಬಂದಿದೆ ಅನ್ನುವ ಆರ್‌ಎಕ್ಸ್‌ಟಿ0 ಬಿಟ್ ಸರಿಯಾಗಿಯೇ ಬಂದಿತ್ತು.

ಡೊಂಬಿವಲಿ_ಲೋಕಲ್: ಹಾಗಾದರೆ ರಿಂಗ್, ಬಂದ ಪ್ಯಾಕೆಟ್ ಇಡುವ ಬಫರ್‌ಗಳ ಸುತ್ತುಪಟ್ಟಿ. ಅದರ ಬಾಲ ತೋರಿಸುವ ಆರ್‌ಡಿಟಿ ಮುಂದೆ ತಳ್ಳದಿದ್ದರೆ ಬಫರ್ ಇಲ್ಲ ಅಂತ ಪ್ಯಾಕೆಟ್ ಬಿಸಾಕುತ್ತದೆ. ನನಗೂ ಹೀಗೇ ಆಗಿತ್ತು.

ಬಾಣೇರ್_ಕರ್ನಲ್: ರಿಂಗ್‌ನಲ್ಲಿ 32 ಡಿಸ್ಕ್ರಿಪ್ಟರ್ (ಬಫರ್‌ಗೊಂದು ನಮೂದು) ಇವೆ, ಆರ್‌ಡಿಟಿ 31. ಬಂದಿದ್ದೇ ಒಂದು ಪ್ಯಾಕೆಟ್. ತುಂಬೋದು ಹೇಗೆ?

ಡೊಂಬಿವಲಿ_ಲೋಕಲ್: ಇನ್ನೊಮ್ಮೆ ನೋಡಿ. ನೂರಕ್ಕೆ ನೂರು ರಿಂಗೇ.

ಮಡಗಾಂವ್_ಪ್ಯಾಕೆಟ್: ಇ1000 ಯಾಕೆ ಬೇಕು? ವರ್ಚುವಲ್ ಯಂತ್ರಕ್ಕೆಂದೇ ಮಾಡಿದ ವರ್ಟ್‌ಐಒ ಹಾಕಿ. ನಮ್ಮ ಮನೆಯಲ್ಲಿ ಮೂರು ಹಳೇ ಥಿಂಕ್‌ಪ್ಯಾಡ್ ಜೋಡಿಸಿದ್ದೇನೆ, ಎಲ್ಲಾ ವರ್ಟ್‌ಐಒ. ಮಳೆಗಾಲದಲ್ಲಿ ಕರೆಂಟ್ ಹೋದರೂ ಬ್ಯಾಟರಿ ಮೇಲೆ ಓಡುತ್ತವೆ.

ಡೊಂಬಿವಲಿ_ಲೋಕಲ್: ಅವರು ಡ್ರೈವರ್ ಬರೆಯೋದು ಕಲೀತಿದ್ದಾರೆ, ಸರ್ವರ್ ನಡೆಸ್ತಿಲ್ಲ. ಇ1000ಕ್ಕೆ ಇಂಟೆಲ್ ಮ್ಯಾನ್ಯುವಲ್ ಇದೆ, ರಿಜಿಸ್ಟರ್ ಒಂದೊಂದೂ ಬಿಡಿಸಿ ಬರೆದಿದ್ದಾರೆ.

ಮಡಗಾಂವ್_ಪ್ಯಾಕೆಟ್: ವರ್ಟ್‌ಐಒಗೂ ಸ್ಪೆಕ್ ಇದೆ ರೀ. ಅದನ್ನೂ ಓದಬಹುದು.

ಕೋಥ್ರೂಡ್_ಅಕ್ಕ: ಜಗಳ ಆಮೇಲೆ. ತಮ್ಮಾ, ಕಾರ್ಡ್‌ಗೆ ಸಿಕ್ಕ ಐಆರ್‌ಕ್ಯೂ (ಇಂಟರಪ್ಟ್ ಗೆರೆಯ ಸಂಖ್ಯೆ) ಎಷ್ಟು? ಮೌಸ್ ಏನಾಗುತ್ತದೆ?

ಬಾಣೇರ್_ಕರ್ನಲ್: 11 ಅಕ್ಕ. ಎಲ್ಲರಿಗೂ 11 ತಾನೇ, ಅದಕ್ಕೇ ಬರೆಯಲಿಲ್ಲ. ಮೌಸ್... ಈಗ ನೋಡಿದೆ. ಮೊದಲ ಪಿಂಗ್ ತನಕ ಓಡುತ್ತದೆ, ಆಮೇಲೆ ಅದೂ ನಿಂತುಬಿಡುತ್ತದೆ!

ಕೋಥ್ರೂಡ್_ಅಕ್ಕ: ಸಿಕ್ಕಿತು. ಮೌಸ್ 12. ಕಾರ್ಡ್, ಮೌಸ್ ಎರಡೂ ಸ್ಲೇವ್ ಪಿಕ್ (ಇಂಟರಪ್ಟ್ ನಿಭಾಯಿಸುವ ಎರಡನೇ ಚಿಪ್) ಮೇಲಿವೆ. ಟೈಮರ್ 0, ಕೀಬೋರ್ಡ್ 1, ಅವು ಮಾಸ್ಟರ್ ಮೇಲೆ. ನೀನು ಇಒಐ (ಇಂಟರಪ್ಟ್ ಮುಗಿಯಿತು ಅನ್ನುವ ಸೂಚನೆ) ಮಾಸ್ಟರ್‌ಗೆ ಮಾತ್ರ ಕಳಿಸುತ್ತಿದ್ದೀಯ. 11 ಇನ್ನೂ ನಡೀತಿದೆ ಅಂತ ಸ್ಲೇವ್ ತಿಳಿದುಕೊಂಡಿದೆ, ಹಾಗಾಗಿ 11ರಿಂದ 15ರವರೆಗೆ ಎಲ್ಲಾ ಬಂದ್. ಕ್ಯೂಎಮುಗೆ ಆದೇಶ ಕೊಡುವ ಮಾನಿಟರ್‌ಗೆ ಹೋಗಿ ‘ಇನ್ಫೋ ಪಿಕ್’ ಹೊಡೆ. ಪಿಕ್1ರ (ಅದೇ ಸ್ಲೇವ್) ಸಾಲಿನಲ್ಲಿ ಐಎಸ್‌ಆರ್, ಅಂದರೆ ಈಗ ನಡೀತಿರುವ ಇಂಟರಪ್ಟ್‌ಗಳ ಲೆಕ್ಕ, ಎಷ್ಟಿದೆ ಹೇಳು.

ಬಾಣೇರ್_ಕರ್ನಲ್: ಐಎಸ್‌ಆರ್ 08. ಕಾಯುತ್ತಿರುವವನ್ನು ತೋರಿಸುವ ಐಆರ್‌ಆರ್ ಕೂಡ 08.

ಕೋಥ್ರೂಡ್_ಅಕ್ಕ: ಸೊನ್ನೆಯಿಂದ ಎಣಿಸಿದರೆ ಮೂರನೇ ಬಿಟ್ ಅದು. ಸ್ಲೇವ್ ಶುರುವಾಗೋದು 8ರಿಂದ, ಅದಕ್ಕೆ 3 ಕೂಡಿಸು, 11. ಮುಂದಿನ ಪ್ಯಾಕೆಟ್ ಬಾಗಿಲಲ್ಲೇ ಕಾಯುತ್ತಿದೆ. ಐಆರ್‌ಕ್ಯೂ 8 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೊದಲು ಪೋರ್ಟ್ ಹೆಕ್ಸ್ ಎ0ಗೆ ಹೆಕ್ಸ್ 20 ಬರಿ, ಆಮೇಲೆ ಪೋರ್ಟ್ ಹೆಕ್ಸ್ 20ಕ್ಕೂ ಅದನ್ನೇ ಬರಿ.

ಡೊಂಬಿವಲಿ_ಲೋಕಲ್: ಅದು ಸರಿ, ಆದರೂ ಆರ್‌ಡಿಟಿ ಒಮ್ಮೆ ನೋಡಿಬಿಡಿ. 31 ಪ್ಯಾಕೆಟ್ ಆದಮೇಲೆ ಬೇಕೇ ಬೇಕು.

ಬಾಣೇರ್_ಕರ್ನಲ್: ಅಕ್ಕಾ, ಒಂದೇ ಸಾಲು! ಕೌಂಟರ್ ಓಡುತ್ತಿದೆ, ಮೌಸ್ ಕೂಡ. ಡೊಂಬಿವಲಿ ಅಣ್ಣ, ನೀವು ಹೇಳಿದ್ದೂ ಇತ್ತು. ಸರಿಯಾಗಿ 31ಕ್ಕೆ ನಿಂತಿತು, ಆರ್‌ಡಿಟಿ ನಾನು ತಳ್ಳುತ್ತಲೇ ಇರಲಿಲ್ಲ. ಈಗ ಅದನ್ನೂ ಸೇರಿಸಿದೆ. ಪಿಂಗ್ ಬಿಟ್ಟು ಹತ್ತು ನಿಮಿಷ ಆಯಿತು, ನಿಂತಿಲ್ಲ.

ಮಡಗಾಂವ್_ಪ್ಯಾಕೆಟ್: ಒಳ್ಳೇದಾಯಿತು. ಥಿಂಕ್‌ಪ್ಯಾಡ್ ಫೋಟೋ ಬೇಕಾದವರು ಹೇಳಿ, ಬೇರೆ ಎಳೆಯಲ್ಲಿ ಹಾಕುತ್ತೇನೆ.